ಕನ್ನಡ ಪುಟಕ್ಕೆ ಮಾತ್ರ 404 ಬರುತ್ತಿದ್ದರೆ

ಮುಂಬೈ, ಪುಣೆ, ಗೋವಾದ ನಮ್ಮ ಕನ್ನಡ ಸಂಘಗಳ ವೆಬ್‌ಸೈಟ್ ನೋಡಿಕೊಳ್ಳುವವರ ಗಮನಕ್ಕೆ: ವರ್ಡ್‌ಪ್ರೆಸ್‌ನಲ್ಲಿ ಹಲವು ಭಾಷೆಗಳ ಪುಟಗಳಿಗಾಗಿ ಪಾಲಿಲ್ಯಾಂಗ್ ಅಥವಾ ಡಬ್ಲ್ಯುಪಿಎಂಎಲ್ ಪ್ಲಗಿನ್ ಹಾಕಿದ ಮೇಲೆ ಇಂಗ್ಲಿಷ್ ಪುಟ ತೆರೆದು, ಕನ್ನಡ-ಮರಾಠಿ ಪುಟಗಳಿಗೆ ಮಾತ್ರ 404 (ಪುಟ ಸಿಗಲಿಲ್ಲ ಎಂಬ ಸಂದೇಶ) ಬಂದರೆ ಸೆಟ್ಟಿಂಗ್ಸ್‌ನಲ್ಲಿ ಪರ್ಮಾಲಿಂಕ್ಸ್ ತೆರೆದು, ಏನನ್ನೂ ಬದಲಿಸದೆ ಸೇವ್ ಚೇಂಜಸ್ ಒತ್ತಿ. ದಯವಿಟ್ಟು ಪ್ಲಗಿನ್ ತೆಗೆದು ಮತ್ತೆ ಹಾಕಲು ಹೋಗಬೇಡಿ. ಯಾವ ವಿಳಾಸಕ್ಕೆ ಯಾವ ಪುಟ ಎಂಬ ನಿಯಮಗಳನ್ನು ವರ್ಡ್‌ಪ್ರೆಸ್ ಡೇಟಾಬೇಸ್‌ನಲ್ಲಿ ಬರೆದಿಟ್ಟಿರುತ್ತದೆ. ಭಾಷೆಯ ಸಂಕೇತ ಸೇರಿದ ಹೊಸ ವಿಳಾಸ ಆ ಹಳೆಯ ಪಟ್ಟಿಯಲ್ಲಿ ಇರುವುದಿಲ್ಲ, ಸೇವ್ ಒತ್ತಿದಾಗ ಪಟ್ಟಿ ಹೊಸದಾಗಿ ತಯಾರಾಗುತ್ತದೆ. ಪುಟಗಳ ಪ್ರತಿ ಉಳಿಸಿಡುವ ಕ್ಯಾಶ್ ಪ್ಲಗಿನ್ ಇದ್ದರೆ ಅದನ್ನೂ ಖಾಲಿ ಮಾಡಿ, ಇನ್‌ಕಾಗ್ನಿಟೊದಲ್ಲಿ ತೆರೆದು ನೋಡಿ; ಇಲ್ಲವಾದರೆ ಹಳೆಯ 404 ಪುಟವೇ ಕಾಣುತ್ತಿರಬಹುದು. ಅನುವಾದ ಡ್ರಾಫ್ಟ್‌ನಲ್ಲೇ ಉಳಿದಿದ್ದರೆ ಇದು ಕೆಲಸಕ್ಕೆ ಬಾರದು, ಪಬ್ಲಿಷ್ ಮಾಡಲೇಬೇಕು. ಮೆನುವಿನ ಕೊಂಡಿ ಬೇರೆ ಪುಟಕ್ಕೆ ಹೋಗುತ್ತಿದ್ದರೂ ಇದು ಮದ್ದಲ್ಲ, ಆಗ ಸ್ಲಗ್ ನೋಡಿ, ಅಂದರೆ ಶೀರ್ಷಿಕೆಯಿಂದ ತಾನಾಗಿ ತಯಾರಾಗುವ, ವಿಳಾಸದ ಕೊನೆಯ ಭಾಗ. ಕನ್ನಡದ ಪ್ರತಿ ಅಕ್ಷರ, ಪ್ರತಿ ಸ್ವರಚಿಹ್ನೆ, ಕೊನೆಗೆ ಒತ್ತಕ್ಷರದೊಳಗಿನ ಹಲಂತ ಚಿಹ್ನೆ (್) ಕೂಡ, ಕಂಪ್ಯೂಟರ್ ಅಕ್ಷರ ಉಳಿಸುವ ಯುಟಿಎಫ್-8 ಕ್ರಮದಲ್ಲಿ 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟ್‌ಗೆ 3 ಚಿಹ್ನೆ ಬೇಕಾದ್ದರಿಂದ ಅದು 9 ಚಿಹ್ನೆಗಳಾಗುತ್ತದೆ. ಸ್ಲಗ್‌ನ ಮಿತಿ 200 ಚಿಹ್ನೆ. ‘ಕರ್ನಾಟಕ ರಾಜ್ಯೋತ್ಸವ ಆಚರಣೆ’ ಎಂಬಷ್ಟಕ್ಕೇ ಆ 200 ಮುಗಿದುಹೋಗುತ್ತದೆ! ಮುಂದೆ ಬರೆದ ವರ್ಷ ಕತ್ತರಿಸಿ ಹೋಗಿ, ಈ ವರ್ಷದ ಮತ್ತು ಹೋದ ವರ್ಷದ ಪುಟಗಳ ಸ್ಲಗ್ ಒಂದೇ ಆಗುತ್ತದೆ. ಹೊಸದರ ತುದಿಗೆ ವರ್ಡ್‌ಪ್ರೆಸ್ ತಾನಾಗಿ 2 ಅಂಟಿಸುತ್ತದೆ. ಕೈಯಾರೆ ಹಾಕಿದ ಕೊಂಡಿ ಹಳೆಯ ಪುಟಕ್ಕೇ ಹೋಗುತ್ತದೆ. ಶೀರ್ಷಿಕೆ ಕನ್ನಡದಲ್ಲೇ ಇರಲಿ, ಸ್ಲಗ್ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ, ಪಬ್ಲಿಷ್ ಮಾಡುವ ಮೊದಲೇ ಬರೆಯಿರಿ.