ಕ್ಲೌನ್‌ಫಿಶ್ ಮರಿಗಳಿಗೆ ಬೆಳಕು ಕಮ್ಮಿ ಮಾಡಿದ ಮೇಲೆ

ಮಲ್ಪೆ ಹತ್ತಿರ ನಮ್ಮ ಮನೆ ಹಿಂದಿನ ಶೆಡ್ಡಿನಲ್ಲಿ ಕಡಲಿನ ಅಲಂಕಾರಿಕ ಮೀನಾದ ಕ್ಲೌನ್‌ಫಿಶ್ ಮರಿ ಮಾಡಲು ಹೊರಟಾಗ ಮೊದಲ ಮೂರು ಬ್ಯಾಚ್ ಪೂರಾ ಹೋಯಿತು. ನೀರಿನದ್ದೇ ದೋಷ ಅಂದುಕೊಂಡೆ. ಮಳೆ ಹಿಡಿದರೆ ಹೊಳೆ ನೀರು ಸೇರಿ ಉಪ್ಪು ಇಳಿಯುತ್ತದೆಂದು ಮೇ ತಿಂಗಳಲ್ಲೇ ಸಮುದ್ರದ ನೀರು ತುಂಬಿಸಿಟ್ಟಿದ್ದೆ. ಉಪ್ಪು ನೋಡಿದೆ, ಅಮೋನಿಯಾ ನೋಡಿದೆ, ಎರಡೂ ಸರಿ ಇತ್ತು. ತಪ್ಪಿದ್ದದ್ದು ತಲೆ ಮೇಲಿನ ಟ್ಯೂಬ್‌ಲೈಟಿನಲ್ಲಿ.

28 ಡಿಗ್ರಿ ನೀರಿನಲ್ಲಿ ಮೊಟ್ಟೆ ಏಳೆಂಟು ದಿನಕ್ಕೆ ಒಡೆಯುತ್ತದೆ. ಒಳಗಿನ ಕಣ್ಣು ಬೆಳ್ಳಿ ಹೊಳಪಿಗೆ ತಿರುಗಿದರೆ ಆ ರಾತ್ರಿಯೇ ಎಂದು ಲೆಕ್ಕ. ಕತ್ತಲಾಗದೆ ಒಡೆಯುವುದಿಲ್ಲ, ಹಾಗಾಗಿ ಎಲ್ಲ ಲೈಟ್ ಆರಿಸಿ ಕಿಟಕಿಗೆ ಗೋಣಿ ಕಟ್ಟುತ್ತೇನೆ. ಒಂದೆರಡು ಗಂಟೆ ಬಿಟ್ಟು ಮೂಲೆಯಲ್ಲಿ ಸಣ್ಣ ಟಾರ್ಚ್ ಹಿಡಿದರೆ ಸೂಜಿಮೊನೆಯಂಥ ಮರಿಗಳು ಅಲ್ಲಿಗೇ ಬರುತ್ತವೆ. ಬಲೆ ತಾಗಿಸದೆ ಮಗ್‌ನಲ್ಲಿ ಮೊಗೆದು ಬೇರೆ ತೊಟ್ಟಿಗೆ ಬಿಡುವುದು.

ಬೆಳಕಿಗೆ ಬರುವ ಈ ಚಾಳಿಯೇ ಮರಿಗಳಿಗೆ ಮುಳುವಾದದ್ದು. ಗಾಜಿನ ತೊಟ್ಟಿಯ ಒಂದು ಬದಿಗೆ ಟ್ಯೂಬ್‌ಲೈಟ್ ಇತ್ತು. ಮರಿಗಳೆಲ್ಲ ಆ ಬದಿಗೆ ಮುತ್ತಿ, ಇಡೀ ದಿನ ಮೂತಿಯನ್ನು ಗಾಜಿಗೆ ಗುದ್ದುತ್ತಲೇ ಇರುತ್ತಿದ್ದವು. ಸುತ್ತ ಮರಿಗಳ ಮೇವಾದ ರೋಟಿಫರ್ ಎಂಬ ಅತಿ ಸಣ್ಣ ಜಲಜೀವಿ ತುಂಬಿದ್ದರೂ ಹೊಟ್ಟೆ ಖಾಲಿ. ಮೂರನೇ ದಿನಕ್ಕೆ ಒಂದೊಂದೇ ತಳ ಕಂಡಿತು.

ನಾಲ್ಕನೇ ಬ್ಯಾಚಿಗೆ ನಾಲ್ಕೂ ಬದಿಗೆ ಕಪ್ಪು ಕಾಗದ ಅಂಟಿಸಿದೆ. ಲೈಟನ್ನು ತೊಟ್ಟಿಯ ನಡುಮಧ್ಯಕ್ಕೆ, ಮೇಲೆ ಕಟ್ಟಿ, ಹಳೇ ಬಿಳಿ ಪಂಚೆಯ ತುಂಡನ್ನು ಎರಡು ಮಡಿಕೆ ಮಾಡಿ ಅಡ್ಡ ಹಾಕಿದೆ. ನೀರಿಗೆ ಹಸಿರು ಪಾಚಿ ಬೆರೆಸಿದೆ. ರೋಟಿಫರ್‌ಗೆ ಅದೇ ಊಟ, ಬೆಳಕೂ ಚದುರುತ್ತದೆ. ಬೆಳಕು ಅಳೆಯುವ ಲಕ್ಸ್ ಮೀಟರ್ ನನ್ನ ಹತ್ತಿರ ಇರಲಿಲ್ಲ. ತಳದಲ್ಲಿಟ್ಟ ಬಿಳಿ ಲೋಟ ಮಸುಕಾಗಿ ಕಂಡರೆ ಸಾಕು ಎಂಬುದೇ ನನ್ನ ಅಳತೆ. ಮಾರನೇ ದಿನ ಮರಿಗಳು ತೊಟ್ಟಿ ತುಂಬ ಹರಡಿದ್ದವು. ಮೈಯನ್ನು ಕೊಕ್ಕೆಯ ಹಾಗೆ ಬಗ್ಗಿಸಿ, ಒಂದು ಕ್ಷಣ ನಿಂತು, ಚಟ್ಟನೆ ಚಿಮ್ಮಿ ರೋಟಿಫರ್ ಹಿಡಿಯುವುದನ್ನು ಮೊದಲ ಸಲ ಕಂಡೆ. ಹೊಟ್ಟೆ ಉಬ್ಬಿತ್ತು.

ಕಣ್ಣಿಗೆ ಕಂಡದ್ದನ್ನಷ್ಟೇ ತಿನ್ನುವ ಮರಿಗಳಾದ್ದರಿಂದ ರಾತ್ರಿಯೂ ಲೈಟ್ ಇದ್ದರೆ ಬೇಗ ಬೆಳೆಯಬಹುದೆಂಬ ಆಸೆ ಹುಟ್ಟಿತು. ಒಂದು ಬ್ಯಾಚಿಗೆ 24 ಗಂಟೆ ಉರಿಸಿದೆ. ಬೆಳವಣಿಗೆ ಚೆನ್ನಾಗೇ ಇತ್ತು, ಆದರೆ ಬೆಳಗಿನ ಜಾವಕ್ಕೆ ರೋಟಿಫರ್ ಖಾಲಿ. ಬೆಳಕಿದ್ದು ಮೇವಿಲ್ಲದಿದ್ದರೆ ಸುಮ್ಮನೆ ಈಜಿ ಸೊರಗುತ್ತವೆ. ಅಷ್ಟು ರೋಟಿಫರ್ ಬೆಳೆಸುವ ತಾಕತ್ತು ನನ್ನ ಡ್ರಮ್ಮುಗಳಿಗಿಲ್ಲ. ಈಗ ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ, 16 ಗಂಟೆ.

ಇನ್ನೊಂದು ಪಾಠ ಕರೆಂಟ್ ಕಲಿಸಿತು. ಒಂದು ಸಂಜೆ ಹೋದ ಕರೆಂಟ್ ನಡುರಾತ್ರಿ ಬಂತು, ಲೈಟ್ ಫಕ್ಕನೆ ಹತ್ತಿತು. ಮರಿಗಳು ದಿಕ್ಕೆಟ್ಟು ಸಿಡಿದವು. ಬೆಳಿಗ್ಗೆ ಇಪ್ಪತ್ತಕ್ಕೂ ಹೆಚ್ಚು ಸತ್ತು ಬಿದ್ದಿದ್ದವು. ಅಂದಿನಿಂದ ರಾತ್ರಿಯಿಡೀ ಇನ್ವರ್ಟರ್ ಮೇಲೆ ಝೀರೋ ಬಲ್ಬ್ ಉರಿಯುತ್ತದೆ, ದೊಡ್ಡ ಲೈಟನ್ನು ಕೈಯಲ್ಲೇ ಹಾಕುವುದು. ಪಕ್ಕದ ಮನೆಯವರು ಇಣುಕಿ, "ಎಂಥದ್ದು ಮಾರಾಯ್ರೆ, ಮೀನಿಗೂ ಝೀರೋ ಬಲ್ಬಾ?" ಎಂದು ನಕ್ಕರು. ನಗಲಿ.

ಹತ್ತು ಹನ್ನೆರಡನೇ ದಿನಕ್ಕೆ ತಲೆ ಹಿಂದೆ ಬಿಳಿ ಪಟ್ಟಿ ಮೂಡಿ ಮರಿಗಳು ತಳಕ್ಕೆ ಇಳಿಯುತ್ತವೆ. ಅಷ್ಟರಲ್ಲಿ ರೋಟಿಫರ್‌ಗಿಂತ ದೊಡ್ಡ, ಸಿಗಡಿ ಜಾತಿಯ ಪುಟ್ಟ ಜೀವಿ ಆರ್ಟೀಮಿಯಾ ತಿನ್ನಲು ಕಲಿತಿರುತ್ತವೆ, ಬೆಳಕಿನ ಹುಚ್ಚೂ ಇಳಿದಿರುತ್ತದೆ. ಆಗ ಪಂಚೆ ತುಂಡನ್ನು ದಿನಕ್ಕೊಂದು ಮಡಿಕೆ ಬಿಚ್ಚಿ ತೆಗೆದು, ಒಗೆದು, ಮುಂದಿನ ಬ್ಯಾಚಿಗೆ ಎತ್ತಿಡುತ್ತೇನೆ.