ಗದ್ದೆಯ ಜೇಡಿಮಣ್ಣಿನಲ್ಲಿ ಒಂದು ಜೋಡಿ ಕೊಮಾಇನು ಮಾಡುವ ಬಗೆ

ಹರಕೆ ತೀರಿಸಲು ಅಯ್ಯಪ್ಪನ ದೇವರಕಾಡಿಗೆ ಮಣ್ಣಿನ ನಾಯಿಗಳನ್ನು ಒಪ್ಪಿಸುವ ಪದ್ಧತಿ ಕೊಡಗಿನಲ್ಲಿ ಇರುವುದರಿಂದ, ಜಪಾನಿನ ಶಿಂಟೋ ಗುಡಿಗಳ ಬಾಗಿಲು ಕಾಯುವ ಕೊಮಾಇನು ನಮಗೆ ತೀರಾ ಅಪರಿಚಿತವೆನಿಸುವುದಿಲ್ಲ. ಸಿಂಹವೂ ನಾಯಿಯೂ ಬೆರೆತಂತಿರುವ ಈ ಪ್ರಾಣಿಯ ಹೆಸರಿಗೆ ‘ಕೊರಿಯದ ನಾಯಿ’ ಎಂದರ್ಥ. ಗುಡಿಗಳ ಮುಂದೆ ಕಾಣುವವು ಬಹುಪಾಲು ಕಲ್ಲಿನವು. ಆದರೆ ಸೆತೊ ಮತ್ತು ಮಿನೊ ಪ್ರದೇಶದ ಕುಂಬಾರರು ಶತಮಾನಗಳ ಹಿಂದೆಯೇ ಇವನ್ನು ಮಣ್ಣಿನಲ್ಲಿ ಮಾಡಿ, ಬೂದಿಯ ಅಥವಾ ಕಬ್ಬಿಣದ ಮೆರುಗು ಕೊಟ್ಟು ಸುಟ್ಟು, ದೇವರಿಗೆ ಒಪ್ಪಿಸುತ್ತಿದ್ದರು. ಒಕಿನಾವಾದಲ್ಲಿ ಇದರ ಬಂಧುವಾದ ಶೀಸಾ ಮನೆಯ ಹೆಂಚಿನ ಮೇಲೆ ಕುಳಿತಿರುತ್ತದೆ. ಅಲ್ಲಿನ ನಾಹಾ ನಗರದ ತ್ಸುಬೊಯಾ ಎಂಬ ಕುಂಬಾರರ ಕೇರಿ 1682ರಿಂದ ನಡೆದುಬಂದಿದೆ.

ಒಂಟಿ ಕೊಮಾಇನು ಮಾಡಬೇಡಿ. ಜೋಡಿಯಲ್ಲಿ ಒಂದರ ಬಾಯಿ ತೆರೆದು ‘ಆ’ ಎನ್ನುತ್ತದೆ, ಇನ್ನೊಂದು ತುಟಿ ಮುಚ್ಚಿ ‘ಉನ್’ ಎನ್ನುತ್ತದೆ. ಇವು ಬೌದ್ಧ ಧರ್ಮದೊಡನೆ ಅಲ್ಲಿಗೆ ಹೋದ ಸಂಸ್ಕೃತದ ಮೊದಲ ಮತ್ತು ಕೊನೆಯ ದನಿಗಳಾದ್ದರಿಂದ, ಕನ್ನಡಿಯ ಮುಂದೆ ನಿಂತು ಎರಡನ್ನೂ ಉಚ್ಚರಿಸಿ ನಿಮ್ಮದೇ ದವಡೆ, ಕೆನ್ನೆ, ಮೂಗಿನ ಹೊಳ್ಳೆಗಳು ಹೇಗೆ ಬದಲಾಗುತ್ತವೆಂದು ನೋಡಿಕೊಳ್ಳಿ. ಹಳೆಯ ಜೋಡಿಗಳಲ್ಲಿ ಬಾಯಿ ತೆರೆದದ್ದು ಸಿಂಹ. ಬಾಯಿ ಮುಚ್ಚಿದ್ದೇ ಕೊಮಾಇನು, ಅದರ ನೆತ್ತಿಯ ಮೇಲೆ ಒಂದು ಕೋಡು.

ಗದ್ದೆಯ ಅಡಿಯಿಂದ ತೆಗೆದ ಜೇಡಿಮಣ್ಣನ್ನು ಸೋಸಿ, ಹತ್ತಕ್ಕೊಂದು ಪಾಲು ಸಣ್ಣ ಮರಳು ಬೆರೆಸಿ, ಗಾಳಿಗುಳ್ಳೆ ಉಳಿಯದಂತೆ ಚೆನ್ನಾಗಿ ನಾದಿ. ಉಂಡೆ ಮಾಡಿದ ಹಳೆಯ ಪತ್ರಿಕೆಯ ಸುತ್ತ ಬೆರಳಿನ ದಪ್ಪದ ಮಣ್ಣಿನ ಹಾಳೆಯನ್ನು ಸುತ್ತಿ, ಗೇಣುದ್ದದ ಪೊಳ್ಳು ಮೈಯನ್ನು ಕುಳಿತ ಭಂಗಿಯಲ್ಲಿ ನಿಲ್ಲಿಸಿ; ಕಾಗದ ಬೆಂಕಿಯಲ್ಲಿ ಉರಿದುಹೋಗುತ್ತದೆ. ಕಾಲು, ಬಾಲ, ಕೇಸರದ ಸುರುಳಿಗಳನ್ನು ಅಂಟಿಸುವ ಮೊದಲು ಎರಡೂ ಕಡೆ ಗೀರು ಹಾಕಿ, ನೀರಾದ ಮಣ್ಣನ್ನು ಬಳಿಯಿರಿ. ತಳದಲ್ಲಿ ಆವಿ ಹೋಗಲು ಒಂದು ತೂತು ಇರಲೇಬೇಕು. ಎರಡನ್ನೂ ಒಂದೇ ಮಣ್ಣಿನಿಂದ ಒಂದೇ ದಿನ ಮಾಡಿದರೆ ಅವು ಸಮನಾಗಿ ಕುಗ್ಗುತ್ತವೆ.

ನಮ್ಮ ಊರಿನಲ್ಲಿ ನಿಜವಾದ ಕಷ್ಟವಿರುವುದು ಒಣಗಿಸುವುದರಲ್ಲಿ. ಒಮ್ಮೆ ಆಟಿಯ ಮಳೆಯಲ್ಲಿ ನಾನು ಒಂದು ಜೋಡಿಯನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಕಿವಿಗಳು ಎರಡೇ ದಿನದಲ್ಲಿ ಬಿಳಿಚಿಕೊಂಡವು, ಎದೆಯ ಒಳಗಿನ ಹಸಿ ಮಾತ್ರ ಆರಲಿಲ್ಲ, ಸುಡುವಾಗ ಎರಡೂ ಸಿಡಿದವು. ಅಂದಿನಿಂದ ಜನವರಿಯ ಬಿಸಿಲಿಗೆ ಕಾಯುತ್ತೇನೆ. ಕಿವಿ, ಕೋಡು, ಬಾಲಗಳಿಗೆ ಪ್ಲಾಸ್ಟಿಕ್ ಸುತ್ತಿ, ಕಾಫಿ ಕಣದ ಬಿಸಿಲಿಗೆ ಇಡದೆ ನೆರಳಿನಲ್ಲಿಯೇ ಮೂರು ವಾರ ಬಿಡಿ. ಕೆನ್ನೆಗೆ ಒತ್ತಿ ನೋಡಿದಾಗ ತಣ್ಣಗೆನಿಸಿದರೆ ಒಳಗೆ ಇನ್ನೂ ನೀರಿದೆ.

ಕುಂಬಾರರ ಆವಿಗೆಯಲ್ಲಿ ಮೊದಲ ಕೆಲವು ಗಂಟೆ ಸಣ್ಣ ಉರಿ ಸಾಕು. ಮುಂದೆ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಏರಿಸಬಹುದು. 573 ಡಿಗ್ರಿಯಲ್ಲಿ ಮರಳಿನ ಹರಳು ಹಿಗ್ಗುವುದರಿಂದ ಅಲ್ಲಿ ಅವಸರ ಸಲ್ಲದು, ಆರುವಾಗಲೂ ಅಷ್ಟೇ. ಸೆತೊದ ಬೂದಿ ಮೆರುಗಿಗೆ 1200 ಡಿಗ್ರಿಗೂ ಮೀರಿದ ಕಾವು ಬೇಕು, ನಮ್ಮ ಮಡಕೆ ಮಣ್ಣು ಅಷ್ಟರಲ್ಲಿ ಕುಸಿದುಬಿಡುತ್ತದೆ. ಆದ್ದರಿಂದ ಸುಟ್ಟ ಕೆಂಪನ್ನೇ ಉಳಿಸಿಕೊಳ್ಳಿ.

ಜಗಲಿಯ ಮೆಟ್ಟಿಲಿನಲ್ಲಿ ಇಡುವಾಗ, ಮನೆಗೆ ಮುಖಮಾಡಿ ನಿಂತವರ ಬಲಕ್ಕೆ ಬಾಯಿ ತೆರೆದದ್ದು, ಎಡಕ್ಕೆ ಬಾಯಿ ಮುಚ್ಚಿದ್ದು ಬರಬೇಕು.