ಮುಟ್ಟದೆ ಕಾಯುವ ನಿಯಂತ್ರಕ: ನನ್ನ ಅನುಭವ

ಕಲಬುರಗಿಯ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನಿಯಂತ್ರಣ ವ್ಯವಸ್ಥೆಗಳ ಪಾಠ ಮಾಡುವ ನಾನು ಡ್ರ್ಯಾಗ್-ಫ್ರೀ ನಿಯಂತ್ರಕವನ್ನು (ನೌಕೆಯೊಳಗೆ ತೇಲುವ ವಸ್ತುವನ್ನು ಮುಟ್ಟದೆ, ಹೊರಗಿನ ತಳ್ಳುಗಳಿಂದ ಕಾಯುತ್ತ, ನೌಕೆಯೇ ಅದನ್ನು ಹಿಂಬಾಲಿಸುವಂತೆ ಮಾಡುವ ವ್ಯವಸ್ಥೆ) ರೂಪಿಸಿದ್ದು ಲ್ಯಾಪ್‌ಟಾಪಿನಲ್ಲಿ, ಸೈಲ್ಯಾಬ್ ತಂತ್ರಾಂಶದಲ್ಲಿ. ಮಾದರಿಯಾಗಿ ಮುಂದಿಟ್ಟುಕೊಂಡದ್ದು 2015ರ ಡಿಸೆಂಬರ್‌ನಲ್ಲಿ ಉಡಾವಣೆಯಾದ, ಯುರೋಪಿನ ಬಾಹ್ಯಾಕಾಶ ಸಂಸ್ಥೆಯ ಪರೀಕ್ಷಾ ನೌಕೆ ಲೀಸಾ ಪಾತ್‌ಫೈಂಡರ್. ಅದರೊಳಗೆ 46 ಮಿಲಿಮೀಟರ್ ಬದಿಯ, ತಲಾ ಸುಮಾರು ಎರಡು ಕಿಲೋ ತೂಕದ ಎರಡು ಚಿನ್ನ-ಪ್ಲಾಟಿನಂ ಘನಗಳು ಯಾವುದನ್ನೂ ಮುಟ್ಟದೆ ತೇಲುತ್ತಿದ್ದವು.

ಶರಣಬಸವೇಶ್ವರರ ಜಾತ್ರೆಯಲ್ಲಿ ಅಜ್ಜನಿಗೆ ಕೊಡೆ ಹಿಡಿದು ನಡೆಯುವ ಮೊಮ್ಮಗನ ಕೆಲಸವೇ ಇಲ್ಲಿ ನೌಕೆಯದು. ಬಿಸಿಲು ತನ್ನ ಮೇಲೆ ಬೀಳಲಿ, ಅಜ್ಜ ತನ್ನ ಪಾಡಿಗೆ ನಡೆಯಲಿ. ನೌಕೆಯ ಮೇಲಿನ ಬಿಸಿಲಿನ ಒತ್ತಡ ಚದರ ಮೀಟರಿಗೆ ಸುಮಾರು 4.5 ಮೈಕ್ರೋನ್ಯೂಟನ್. ನನ್ನ ಲೆಕ್ಕದ ನೌಕೆ 400 ಕಿಲೋ, ಒಟ್ಟು ತಳ್ಳು 20 ಮೈಕ್ರೋನ್ಯೂಟನ್. ಘನಕ್ಕೂ ಗೋಡೆಗೂ ನಡುವೆ ನಾಲ್ಕು ಮಿಲಿಮೀಟರ್ ಜಾಗ. ಥ್ರಸ್ಟರ್ (ನೌಕೆಯನ್ನು ಮೆಲ್ಲಗೆ ತಳ್ಳುವ ಪುಟ್ಟ ಎಂಜಿನ್) ಸುಮ್ಮನಿದ್ದರೆ 400 ಸೆಕೆಂಡಿನಲ್ಲಿ ಗೋಡೆ ಬಂದು ಘನಕ್ಕೆ ಬಡಿಯುತ್ತದೆ. ಈ ಲೆಕ್ಕವನ್ನು ತರಗತಿಯಲ್ಲಿ ಬರೆದಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಾರೆ.

ಕೋಡ್ ಬರೆಯುವ ಮೊದಲು ಒಂದು ತೀರ್ಮಾನ ಮಾಡಿದೆ: ನೌಕೆ, ಘನ ಎರಡರ ಕಕ್ಷೆಯನ್ನೂ ಬೇರೆಬೇರೆ ಲೆಕ್ಕ ಹಾಕಿ ಕಳೆಯುವುದಿಲ್ಲ. ಸೂರ್ಯನಿಂದ 15 ಕೋಟಿ ಕಿಲೋಮೀಟರ್ ದೂರವನ್ನು 64 ಬಿಟ್ ಸಂಖ್ಯೆಯಲ್ಲಿ ಬರೆದರೆ ಅದರ ಅತಿಸಣ್ಣ ಹೆಜ್ಜೆಯೇ 30 ಮೈಕ್ರೋಮೀಟರ್. ನನಗೆ ಬೇಕಾದದ್ದು ನ್ಯಾನೋಮೀಟರ್. ಹಾಗಾಗಿ ನೌಕೆಗೂ ಘನಕ್ಕೂ ನಡುವಿನ ಅಂತರವನ್ನೇ ನೇರವಾಗಿ ಚಲನ ಸಮೀಕರಣಕ್ಕೆ ತಂದೆ.

ಘನದ ಸುತ್ತಲಿನ ವಿದ್ಯುತ್ ಕ್ಷೇತ್ರ ಸ್ಪ್ರಿಂಗಿನಂತೆ ವರ್ತಿಸುತ್ತದೆ, ಆದರೆ ಉಲ್ಟಾ: ನಡುವಿನಿಂದ ಸರಿದಷ್ಟೂ ಗೋಡೆಯತ್ತ ಎಳೆಯುತ್ತದೆ. ನೌಕೆಯ ನಡುಕ ಘನಕ್ಕೆ ತಗುಲುವ ಒಂದು ದಾರಿ ಇದು. ಅಂತರದ ನಡುಕ ರೂಟ್ ಹರ್ಟ್ಸ್‌ಗೆ 5 ನ್ಯಾನೋಮೀಟರ್ ಮೀರಬಾರದು ಎಂದು ಗೆರೆ ಎಳೆದೆ. ರೂಟ್ ಹರ್ಟ್ಸ್ ಲೆಕ್ಕವೆಂದರೆ ನಡುಕ ಆವರ್ತನಗಳಲ್ಲಿ ಎಷ್ಟು ದಟ್ಟವಾಗಿ ಹರಡಿದೆ ಎಂಬ ಅಳತೆ.

ನಿಜವಾದ ವಿನ್ಯಾಸ ಶುರುವಾಗುವುದು ಇಲ್ಲಿಂದ. ಥ್ರಸ್ಟರಿಗೂ ತನ್ನದೇ ಗದ್ದಲವಿದೆ, ಅದರ ತಳ್ಳು ಒಂದೇ ಸಮನಿರದೆ ಏರಿಳಿಯುತ್ತದೆ. ರೂಟ್ ಹರ್ಟ್ಸ್‌ಗೆ 0.1 ಮೈಕ್ರೋನ್ಯೂಟನ್ ಎಂದು ಹಿಡಿದೆ. ನಿಯಂತ್ರಕದ ಸಹಜ ಆವರ್ತನ (ಅದು ಎಷ್ಟು ಚುರುಕಾಗಿ ತಿದ್ದುತ್ತದೆ ಎಂಬುದರ ಅಳತೆ) ಸೆಕೆಂಡಿಗೆ 0.1 ರೇಡಿಯನ್ ಇದ್ದರೆ ಆ ಗದ್ದಲ 25 ನ್ಯಾನೋಮೀಟರ್ ನಡುಕವಾಗುತ್ತದೆ. 0.3ಕ್ಕೆ ಏರಿಸಿದರೆ ಮೂರಕ್ಕಿಂತ ಕಡಿಮೆ. ಬಿಸಿಲಿನಿಂದ ಘನವನ್ನು ಕಾಯಲು 0.1 ಧಾರಾಳವಾಗಿ ಸಾಕು. ಥ್ರಸ್ಟರಿನ ಕೈನಡುಕವನ್ನು ಅಡಗಿಸಲು ಮಾತ್ರ 0.3 ಬೇಕಾಯಿತು. ಕಾವಲುಗಾರನನ್ನು ಕಾಯುವುದೇ ದೊಡ್ಡ ಕೆಲಸ!

ಆವರ್ತನ ಏರಿಸಿದೊಡನೆ ಸಂವೇದಕದ ಗದ್ದಲ ತಲೆ ಎತ್ತಿತು. ಎರಡು ನ್ಯಾನೋಮೀಟರ್ ಅಳತೆಯ ದೋಷ, ವೇಗದ ಲೆಕ್ಕದಲ್ಲಿ ಹಾದು, ಸೆಕೆಂಡಿಗೆ ಒಂದು ರೇಡಿಯನ್ ಆಸುಪಾಸಿನಲ್ಲಿ ಥ್ರಸ್ಟರಿನ ಗದ್ದಲಕ್ಕಿಂತ ಮೂರು ಪಟ್ಟು ಆಜ್ಞೆಯಾಗಿ ಹೊರಬರುತ್ತದೆ. ಎರಡು ರೇಡಿಯನ್‌ನಲ್ಲಿ ವೇಗದ ಏರಿಳಿತಗಳನ್ನು ಸೋಸುವ ಶೋಧಕ (ಫಿಲ್ಟರ್) ಹಾಕಿದೆ. ಅದರ ಜೊತೆಗೆ ಥ್ರಸ್ಟರಿನ ಅರ್ಧ ಸೆಕೆಂಡಿನ ವಿಳಂಬವೂ ಸೇರಿ ಫೇಸ್ ಮಾರ್ಜಿನ್ (ವ್ಯವಸ್ಥೆ ಅಸ್ಥಿರವಾಗುವ ಮುನ್ನ ಉಳಿದಿರುವ ಅಂತರ) 65 ಡಿಗ್ರಿಯಿಂದ 35ರ ಆಸುಪಾಸಿಗೆ ಇಳಿಯಿತು. ಕಾರ್ಖಾನೆಯ ಮೋಟಾರಿಗಾದರೆ ನಾನು ಒಪ್ಪುತ್ತಿರಲಿಲ್ಲ. ಇಲ್ಲಿ ದ್ರವ್ಯರಾಶಿ ಬಹುತೇಕ ಬದಲಾಗುವುದಿಲ್ಲ, ಒಪ್ಪಿಕೊಂಡೆ. ಬಿಸಿಲಿನ ಸ್ಥಿರ ತಳ್ಳಿನಿಂದ ಉಳಿಯುವ ಅರ್ಧ ಮೈಕ್ರೋಮೀಟರ್ ಸರಿತಕ್ಕೆ ನಿಧಾನವಾದ ಇಂಟಿಗ್ರಲ್ ಪದವೊಂದು (ಉಳಿದ ದೋಷವನ್ನು ಕೂಡಿಸುತ್ತ ತಿದ್ದುವ ಭಾಗ) ಸಾಕಾಯಿತು.

ಈಗ ಎರಡನೇ ಘನವನ್ನು ಸೇರಿಸುತ್ತಿದ್ದೇನೆ. ಒಂದು ನೌಕೆ ಒಂದೇ ಅಕ್ಷದಲ್ಲಿ ಎರಡು ಘನಗಳನ್ನು ಹಿಂಬಾಲಿಸಲಾರದು. ಎರಡನೆಯದನ್ನು ವಿದ್ಯುತ್ ಬಲದಿಂದ, ಅಳತೆ ನಡೆಯುವ ಆವರ್ತನಗಳಿಗಿಂತ ಕೆಳಗಿನ ಆವರ್ತನದಲ್ಲಿ, ಮೆಲ್ಲಗೆ ಹಿಡಿದಿರಬೇಕು. ಪಾತ್‌ಫೈಂಡರ್‌ನಲ್ಲಿ ಹೀಗೆ ಒಟ್ಟು 15 ಚಲನೆಗಳನ್ನು ನಿಯಂತ್ರಿಸಿದರು. ನನ್ನ ಬಳಿ ಸದ್ಯಕ್ಕೆ ಇರುವುದು ಒಂದೂವರೆ.